ಡಿಸ್ಚಾರ್ಜ್ ಆದ ಮೇಲೆ ಮನೆಗೆ ಯಾರು ಬರುತ್ತಾರೆ?

"ಧಾರವಾಡಕ್ಕ ಕಳಸಬೇಕಾಗ್ತದ ನೋಡು ನಿನ್ನ" ಅನ್ನುವ ಮಾತು ಕೇಳದೆ ಬೆಳೆದವರು ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಕಡಿಮೆ. ಪೇಡೆಗೆ, ಸಂಗೀತಕ್ಕೆ, ವಿದ್ಯೆಗೆ ಹೆಸರಾದ ಊರು ಜಗಳದ ಮಾತಿನಲ್ಲಿ ಮಾತ್ರ ಹುಚ್ಚರ ಆಸ್ಪತ್ರೆಯ ಊರಾಗಿಬಿಡುತ್ತದೆ. ಸುಮ್ನೆ ಆಡಿದ ಮಾತು ಅಂತ ಬಿಡಬಹುದು. ಆದರೆ ಮನೆಯಲ್ಲಿ ನಿಜವಾಗಲೂ ಯಾರಿಗಾದರೂ ಕಾಯಿಲೆ ಶುರುವಾದಾಗ ಇದೇ ಮಾತು ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಮಗ ರಾತ್ರಿ ಮಲಗುತ್ತಿಲ್ಲ, ಊಟ ಬಿಟ್ಟಿದ್ದಾನೆ, ಯಾರೋ ನನ್ನ ಬೈತಿದ್ದಾರೆ ಅಂತ ಗೋಡೆ ಕಡೆ ನೋಡಿ ಮಾತಾಡುತ್ತಾನೆ ಅನ್ನುವುದು ತಾಯಿಗೆ ತಿಂಗಳುಗಟ್ಟಲೆ ಮೊದಲೇ ಗೊತ್ತಾಗಿರುತ್ತದೆ. ಆದರೂ ಧಾರವಾಡದ ಬಸ್ಸು ಹತ್ತುವುದು ಕಟ್ಟಕಡೆಗೆ. ಹರಕೆ ಆಗಿ, ತಾಯತ ಆಗಿ, ನಿಂಬೆಹಣ್ಣು ಇಳಿಸಿದ್ದಾಗಿ, ಅವನು ಯಾರ ಮೇಲೋ ಕೈ ಮಾಡಿದ ಮೇಲೆ, ಇಲ್ಲವೇ ಮನೆ ಬಿಟ್ಟು ಹೋಗಿ ಎರಡು ದಿನ ಸಿಗದೆ ಹೋದ ಮೇಲೆ.

ಹೀಗೆ ತಡವಾಗಿ ಹೋದಾಗ ಅಡ್ಮಿಟ್ ಮಾಡದೆ ಬೇರೆ ದಾರಿಯೇ ಇರುವುದಿಲ್ಲ. ಅಡ್ಮಿಟ್ ಆದದ್ದನ್ನು ಊರು ನೋಡುತ್ತದೆ. ಮುಂದಿನ ಮನೆಯವರು ಇನ್ನೂ ಜಾಸ್ತಿ ಹೆದರುತ್ತಾರೆ, ಇನ್ನೂ ತಡ ಮಾಡುತ್ತಾರೆ. ಇದು ನಿಲ್ಲಬೇಕಾದರೆ ಎರಡು ಕೆಲಸ ಆಗಬೇಕು. ಕಾಯಿಲೆ ಸಣ್ಣದಿರುವಾಗಲೇ ಹತ್ತಿರದ ದವಾಖಾನೆಯಲ್ಲಿ ನೋಡಬೇಕು. ಆಸ್ಪತ್ರೆಯಿಂದ ವಾಪಸ್ ಬಂದವರ ಬೆನ್ನಿಗೆ ಯಾರಾದರೂ ನಿಲ್ಲಬೇಕು. ಸಮುದಾಯ ಆಧಾರಿತ ಮಾನಸಿಕ ಆರೋಗ್ಯ ಸೇವೆ ಅನ್ನುವ ಉದ್ದ ಹೆಸರಿನ ಹಿಂದೆ ಇರುವುದು ಇಷ್ಟೇ. ನಮ್ಮ ಭಾಗದಲ್ಲಿ ಇದಕ್ಕೆ ಕಾನೂನು ಇದೆ, ಯೋಜನೆ ಇದೆ, ಗುಳಿಗೆಯೂ ಇದೆ. ಕೊರತೆ ಇರುವುದು ಮನೆ ಬಾಗಿಲಿಗೆ ಬಂದು "ಹೆಂಗದೀರಿ, ಗುಳಿಗಿ ತಗೊಂಡ್ರಿ?" ಅಂತ ಕೇಳುವ ಮನುಷ್ಯರದ್ದು. ಆ ಮನುಷ್ಯರ ಸಂಬಳಕ್ಕೆ ದುಡ್ಡು ಇಡದೆ ಸಮುದಾಯ, ಸಮುದಾಯ ಅಂತ ಎಷ್ಟು ಸಲ ಹೇಳಿದರೂ ಭಾರ ಹೋಗಿ ಬೀಳುವುದು ಆ ಮನೆಯ ತಾಯಿಯ ಮೇಲೆ, ಇಲ್ಲವೇ ಹೆಂಡತಿಯ ಮೇಲೆ.

ಧಾರವಾಡದ ಆಸ್ಪತ್ರೆ ಶುರುವಾಗಿದ್ದು 1845ರಲ್ಲಿ, ಬ್ರಿಟಿಷರ ಕಾಲದ ಅಸೈಲಂ ಆಗಿ. ಆಗಿನ ಅಸೈಲಂಗಳ ಕೆಲಸ ಊರಿನಲ್ಲಿ ತೊಂದರೆ ಕೊಡುವವರನ್ನು ಊರಿನಿಂದ ದೂರ ಇಡುವುದು. 1912ರ ಕಾಯ್ದೆಯ ಹೆಸರೇ ಭಾರತೀಯ ಲೂನಸಿ ಕಾಯ್ದೆ, ಅಂದರೆ ಹುಚ್ಚಿನ ಕಾಯ್ದೆ. ಒಳಗೆ ಹಾಕುವುದು ಹೇಗೆ, ಎಷ್ಟು ದಿನ ಇಡಬೇಕು ಅನ್ನುವುದರ ಸುತ್ತಲೇ ಅದು ತಿರುಗುತ್ತಿತ್ತು. 1987ರಲ್ಲಿ ಬೇರೆ ಕಾಯ್ದೆ ಬಂತು, 2017ರಲ್ಲಿ ಈಗಿನದು ಬಂತು. ಧಾರವಾಡದ ಆಸ್ಪತ್ರೆಯೂ ಈಗ ಡಿಮ್ಹಾನ್ಸ್, ಅಂದರೆ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಆಗಿದೆ. ಪಾಠ ಹೇಳುವ ಸಂಸ್ಥೆ ಅದು, ವೈದ್ಯರು ತಯಾರಾಗುವ ಜಾಗ. ಅಲ್ಲಿಗೆ ಬರುವ ಎಷ್ಟೋ ಜನ ಓಪಿಡಿಯಲ್ಲಿ ತೋರಿಸಿಕೊಂಡು, ಚೀಟಿ ಬರೆಸಿಕೊಂಡು, ಗುಳಿಗೆ ತಗೊಂಡು ಸಂಜೆ ಬಸ್ಸಿಗೆ ಮನೆಗೆ ಹೋಗುತ್ತಾರೆ. ಊರಿನ ಮಾತು ಮಾತ್ರ ಆ ಹಳೆಯ ಕಾಲದಲ್ಲೇ ನಿಂತಿದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆ ಮುಚ್ಚಿ ಅಂತ ನಾನು ಹೇಳುತ್ತಿಲ್ಲ. ಜೀವ ತೆಗೆದುಕೊಳ್ಳಲು ಹೊರಟವರಿಗೆ, ವಾರಗಟ್ಟಲೆ ಅನ್ನ ನೀರು ಬಿಟ್ಟವರಿಗೆ, ತಾನು ಏನು ಮಾಡುತ್ತಿದ್ದೇನೆ ಅನ್ನುವ ಅರಿವೇ ಇಲ್ಲದೆ ಬೇರೆಯವರಿಗೆ ಅಪಾಯ ಆಗುವ ಹಂತಕ್ಕೆ ಹೋದವರಿಗೆ ವಾರ್ಡ್ ಬೇಕು. ಆಗ ಅದು ಜೀವ ಉಳಿಸುತ್ತದೆ. ಕರೆಂಟ್ ಕೊಡುತ್ತಾರಂತೆ ಅನ್ನುವ ಹೆದರಿಕೆಯೂ ತುಂಬಾ ಜನರಿಗೆ ಇದೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಡದೆ ಆ ಚಿಕಿತ್ಸೆ ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಸರಪಳಿ ಹಾಕುವುದನ್ನೂ ನಿಷೇಧಿಸಿದೆ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರನ್ನು ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ಅವರ ಪರವಾಗಿ ನಿಲ್ಲಲು ಹೆಸರಿಸಿದವರ, ಅರ್ಜಿಯ ಮೇಲೆ ಸೇರಿಸಿಕೊಳ್ಳಬಹುದು, ಆದರೆ ಮೊದಲ ಸಲ ಅದರ ಮಿತಿ 30 ದಿನ. ಅದಕ್ಕೂ ಮೀರಿ ಇಡಬೇಕಾದರೆ ಬೇರೆ ಪರೀಕ್ಷೆ, ಬೇರೆ ಪರಿಶೀಲನೆ ಆಗಬೇಕು. ಅಂದರೆ ಕಾನೂನಿನ ಪ್ರಕಾರ ವಾರ್ಡ್ ಅನ್ನುವುದು ಸ್ವಲ್ಪ ದಿನದ ಜಾಗ. ಕಾಯಿಲೆಯಾದರೋ ವರ್ಷಗಳದ್ದು. ಮಿಕ್ಕ ದಿನಗಳೆಲ್ಲ ಎಲ್ಲಿ ಕಳೆಯುತ್ತವೆ? ಮನೆಯಲ್ಲಿ, ಹೊಲದಲ್ಲಿ, ಓಣಿಯ ಕಟ್ಟೆಯ ಮೇಲೆ.

ಮುಂಡರಗಿ ಕಡೆಯ ಒಂದು ಮನೆ ಅಂದುಕೊಳ್ಳೋಣ. ಇದು ಯಾರೋ ಒಬ್ಬರ ಕತೆ ಅಂತ ತಿಳಿಯಬೇಡಿ, ಇಂಥ ಮನೆಗಳು ಎಲ್ಲ ತಾಲೂಕಿನಲ್ಲೂ ಇವೆ. ಇಪ್ಪತ್ತೈದರ ಹುಡುಗ, ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳುವ, ಇಲ್ಲದ ಅನುಮಾನ ಬರುವ ಕಾಯಿಲೆ. ಮೂರು ವಾರ ಅಡ್ಮಿಟ್ ಆಗಿ ಬಂದಿದ್ದಾನೆ. ಮಾತು ನೆಟ್ಟಗಾಗಿದೆ, ರಾತ್ರಿ ಮಲಗುತ್ತಾನೆ. ಒಂದು ತಿಂಗಳ ಗುಳಿಗೆ ಕೊಟ್ಟು ಮತ್ತೆ ಬನ್ನಿ ಅಂದಿದ್ದಾರೆ. ಗದಗ ದಾಟಿ, ಹುಬ್ಬಳ್ಳಿ ದಾಟಿ ಧಾರವಾಡ, ನೂರು ಕಿಲೋಮೀಟರ್ ಮೀರಿದ ದಾರಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಟಿಕೆಟ್ ಇಲ್ಲ, ಮಗನದ್ದು ಇದೆ. ಟಿಕೆಟ್‌ಗಿಂತ ದೊಡ್ಡ ಖರ್ಚು ಆ ದಿನದ ಕೂಲಿ, ಇಬ್ಬರದ್ದೂ ಹೋಗುತ್ತದೆ. ಬೆಳಗಿನ ನಸುಕಿನಲ್ಲಿ ಹೊರಟರೆ ತಿರುಗಿ ಬರುವುದು ಕತ್ತಲಾದ ಮೇಲೆ. ಎರಡನೇ ತಿಂಗಳು ಉಳ್ಳಾಗಡ್ಡಿ ಕೀಳುವ ಹೊತ್ತು, ಹೋಗಲಾಗಲಿಲ್ಲ. ಅಷ್ಟರಲ್ಲಿ ಗುಳಿಗೆಯಿಂದ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಬೆಳಿಗ್ಗೆ ಏಳಲಾಗುವುದಿಲ್ಲ ಅಂತ ಅವನಿಗೂ ಬೇಸರ. "ಅರಾಮ ಆಗೇದಲ್ಲ, ಇನ್ಯಾಕ ಗುಳಿಗಿ?" ಅಂತ ದೊಡ್ಡಪ್ಪನೂ ಅಂದ. ಬಿಟ್ಟ. ಬಿಟ್ಟ ತಕ್ಷಣ ಏನೂ ಆಗುವುದಿಲ್ಲ, ಅದೇ ಮೋಸ. ಕೈ ನಡುಕ ಹೋಗಿ ಇನ್ನೂ ಚುರುಕಾದ ಹಾಗೆ ಕಾಣುತ್ತಾನೆ, ಮನೆಯವರಿಗೂ ಗುಳಿಗೆಯೇ ತೊಂದರೆ ಕೊಡುತ್ತಿತ್ತು ಅನಿಸುತ್ತದೆ. ಕೆಲವು ವಾರವೋ ಕೆಲವು ತಿಂಗಳೋ ಆದ ಮೇಲೆ ಮತ್ತೆ ನಿದ್ದೆ ಕಡಿಮೆಯಾಗುತ್ತದೆ, ಮತ್ತೆ ಗೋಡೆ ಕಡೆ ಮಾತು. ಮತ್ತೆ ಧಾರವಾಡ.

ಇದರಲ್ಲಿ ಯಾರದು ತಪ್ಪು ಅಂತ ಹುಡುಕಿ ಪ್ರಯೋಜನವಿಲ್ಲ. ವೈದ್ಯರು ಸರಿಯಾದ ಗುಳಿಗೆಯನ್ನೇ ಕೊಟ್ಟರು. ತಾಯಿ ಆದಷ್ಟು ಓಡಾಡಿದಳು. ಆ ಎರಡನೇ ತಿಂಗಳಲ್ಲಿ ಒಬ್ಬರು ಮನೆಗೆ ಬಂದು ಕೈ ನಡುಕ ನೋಡಿ, ವೈದ್ಯರಿಗೆ ಫೋನ್ ಮಾಡಿ, ಡೋಸ್ ಕಡಿಮೆ ಮಾಡಿಸಿದ್ದರೆ, ಅಥವಾ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್‌ಗೆ ಬದಲಿಸಬಹುದಾ ಅಂತ ಕೇಳಿದ್ದರೆ, ಅದನ್ನು ಮುಂಡರಗಿಯ ತಾಲೂಕು ಆಸ್ಪತ್ರೆಯಲ್ಲೇ ಕೊಡುವ ಏರ್ಪಾಡು ಆಗಿದ್ದರೆ, ದೊಡ್ಡಪ್ಪನ ಜೊತೆ ಕೂತು ಹತ್ತು ನಿಮಿಷ ಮಾತಾಡಿದ್ದರೆ, ಎರಡನೇ ಸಲದ ಅಡ್ಮಿಷನ್ ಬಹುಶಃ ಬೇಕಾಗುತ್ತಿರಲಿಲ್ಲ. ಇಷ್ಟು ಮಾಡಲು ಮನೋವೈದ್ಯರೇ ಆಗಬೇಕಿಲ್ಲ. ತರಬೇತಿ ಪಡೆದ ನರ್ಸ್ ಸಾಕು, ಸಮಾಜ ಕಾರ್ಯಕರ್ತರು ಸಾಕು.

ಇದು ಪುಸ್ತಕದ ಮಾತಲ್ಲ, ನಮ್ಮ ದೇಶದಲ್ಲೇ ಮಾಡಿ ನೋಡಿದ್ದಾರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಅನ್ನುವವರು ರೋಗಿಗಳ ಮನೆಯವರನ್ನೂ ಕರೆಸಿ, ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ, ಜೊತೆಗೇ ಇರಿಸಿಕೊಂಡರು. ಕಾಯಿಲೆ ಅಂದರೆ ಏನು, ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನು ಮನೆಯವರಿಗೆ ಅಲ್ಲೇ ಹೇಳಿಕೊಟ್ಟರು. 1970ರ ದಶಕದಲ್ಲಿ ನಿಮ್ಹಾನ್ಸ್‌ನವರು ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಹಳ್ಳಿಯ ಕೇಂದ್ರ ತೆರೆದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಒಂದು ಜಿಲ್ಲೆಯ ಮಟ್ಟದಲ್ಲಿ ಮಾಡಲು ಆಗುತ್ತದಾ ಅಂತ ನೋಡಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ, 1980ರ ದಶಕದ ಮಧ್ಯದಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಗುರುತಿಸಿ ಹಳ್ಳಿಯಲ್ಲೇ ಔಷಧ ಕೊಟ್ಟರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಎಲ್ಲ ಕಡೆ ಹಬ್ಬಿತು. ಇಡೀ ದೇಶಕ್ಕೆ ದಾರಿ ತೋರಿಸಿದ್ದು ತುಂಗಭದ್ರೆಯ ದಂಡೆಯ ಜಿಲ್ಲೆ. ಇದು ನಮ್ಮವರಿಗೇ ಗೊತ್ತಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ.

ತೀರ್ಥಹಳ್ಳಿಯದು ಇನ್ನೂ ಹತ್ತಿರದ ಉದಾಹರಣೆ. ಅಲ್ಲಿ, ಮತ್ತು ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲಿ, ನಿಮ್ಹಾನ್ಸ್ ತಂಡ ತಾಲೂಕಿನಲ್ಲಿರುವ ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಯವರನ್ನು ಹುಡುಕಿ, ಅವರ ಊರಿನ ಹತ್ತಿರವೇ ಚಿಕಿತ್ಸೆ ಕೊಟ್ಟು, ವರ್ಷಾನುಗಟ್ಟಲೆ ಬಿಡದೆ ವಿಚಾರಿಸಿಕೊಂಡಿದೆ. ಬರದೆ ಹೋದವರ ಮನೆಗೆ ಕಾರ್ಯಕರ್ತರು ಹೋಗುತ್ತಾರೆ, ಫೋನ್ ಮಾಡುತ್ತಾರೆ. ಚಿಕಿತ್ಸೆ ಮುಂದುವರಿಸಿದವರಲ್ಲಿ ದಿನನಿತ್ಯದ ಕೆಲಸ ಮಾಡುವ ಶಕ್ತಿ ಮರಳಿ ಬಂದದ್ದು ಅಲ್ಲಿ ಕಂಡಿದೆ. 2014ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನವಿದೆ. ಗೋವಾ, ಮಹಾರಾಷ್ಟ್ರದ ಸಾತಾರಾ, ತಮಿಳುನಾಡು, ಮೂರೂ ಕಡೆ ಸೇರಿ ಸ್ಕಿಜೋಫ್ರೇನಿಯಾ ಇರುವ 282 ಜನ. ಕೆಲವರಿಗೆ ಆಸ್ಪತ್ರೆಯ ಚಿಕಿತ್ಸೆ ಮಾತ್ರ. ಉಳಿದವರಿಗೆ ಅದರ ಜೊತೆ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಮನೆಗೇ ಬಂದು ಮಾಡುವ ಆರೈಕೆ. ವರ್ಷದ ಕೊನೆಗೆ ಎರಡನೇ ಗುಂಪಿನವರ ಸ್ಥಿತಿ ಸ್ವಲ್ಪ ಮೇಲಿತ್ತು. ಸ್ವಲ್ಪ ಅಂತಲೇ ಹೇಳಬೇಕು, ಪವಾಡವೇನೂ ಆಗಲಿಲ್ಲ. ಆದರೆ ಆ ಕಾರ್ಯಕರ್ತರು ವೈದ್ಯರಾಗಿರಲಿಲ್ಲ ಅನ್ನುವುದನ್ನು ಗಮನಿಸಿ. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ದೇಶದಲ್ಲಿ ಇದು ಸಣ್ಣ ವಿಷಯವಲ್ಲ.

ಈಗ ನಮ್ಮಲ್ಲಿ ಏನಿದೆ ನೋಡೋಣ. ಕಾಗದದ ಮೇಲೆ ಬೇಕಾದಷ್ಟಿದೆ. ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್ ಇರಬೇಕಾದ ತಂಡ ಅದು. 2014ರಲ್ಲಿ ಮನೋಚೈತನ್ಯ ಅಂತ ಶುರು ಮಾಡಿದರು: ಮಂಗಳವಾರ ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಗೆ ಕ್ಲಿನಿಕ್. ಮಾನಸಧಾರ ಅಂತ ಹಗಲು ಆರೈಕೆ ಕೇಂದ್ರಗಳ ಯೋಜನೆ ಇದೆ. ಚೇತರಿಸಿಕೊಳ್ಳುತ್ತಿರುವವರು ಬೆಳಿಗ್ಗೆ ಬಂದು, ಏನಾದರೂ ಕೆಲಸ ಕಲಿತು, ಜನರ ಜೊತೆ ಬೆರೆತು ಸಂಜೆ ಮನೆಗೆ ಹೋಗುವ ಜಾಗ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ, 14416 ಒತ್ತಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಅಂತಲೇ ಕರೆಯುವ, ಈಗ ಕೆಎಂಸಿಆರ್‌ಐ ಅಂತ ಹೆಸರು ಬದಲಾದ ಸರ್ಕಾರಿ ಆಸ್ಪತ್ರೆ ಇದೆ, ಗದಗ ಮತ್ತು ಹಾವೇರಿಗೂ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿವೆ. ತುಂಬಾ ಮನೆಗಳು ಹತ್ತಿರದ ಬಾಗಿಲು ಇದೆ ಅಂತಲೇ ಗೊತ್ತಿಲ್ಲದೆ ನೇರ ಧಾರವಾಡಕ್ಕೆ ಹೋಗುತ್ತವೆ, ಅಥವಾ ಎಲ್ಲಿಗೂ ಹೋಗುವುದಿಲ್ಲ.

ಎಲ್ಲಿಗೂ ಹೋಗದವರೇ ಜಾಸ್ತಿ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಿಮ್ಹಾನ್ಸ್‌ನದ್ದೇ. ಅದರ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು, ಮತ್ತು ಕಾಯಿಲೆಯ ಬಗೆ ನೋಡಿಕೊಂಡು ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯ ಹೊರಗಿದ್ದರು. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಆದರೂ ನಮ್ಮ ಹಳ್ಳಿಗಳನ್ನು ಬಲ್ಲವರು ಈ ಅಂಕಿ ನೋಡಿ ಆಶ್ಚರ್ಯಪಡಲಾರರು.

ಕಾಯ್ದೆ ಏನು ಹೇಳುತ್ತದೆ ಅನ್ನುವುದು ಇನ್ನೂ ಮುಖ್ಯ, ಯಾಕೆಂದರೆ ಇದನ್ನು ಕೇಳಿ ಪಡೆಯಬಹುದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಸರ್ಕಾರ ನಡೆಸುವ ಅಥವಾ ದುಡ್ಡು ಕೊಡುವ ಸೇವೆಯಲ್ಲಿ ಚಿಕಿತ್ಸೆ ಪಡೆಯುವುದು ಹಕ್ಕು. ಅಗತ್ಯ ಔಷಧಗಳ ಪಟ್ಟಿಯಲ್ಲಿ ಇರುವ ಮಾನಸಿಕ ಕಾಯಿಲೆಯ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲಕ್ಕೂ ಉಚಿತವಾಗಿ ಸಿಗಬೇಕು. ಎಲ್ಲ ಕಾಲಕ್ಕೂ ಅನ್ನುವುದು ನನ್ನ ಮಾತಲ್ಲ, ಕಾಯ್ದೆಯದ್ದು. ಮನೆಯಲ್ಲೇ ಪುನರ್ವಸತಿ, ಹಗಲು ಕೇಂದ್ರ, ಆಸ್ಪತ್ರೆಗೂ ಮನೆಗೂ ನಡುವಿನ ತಂಗುಮನೆ, ಇವೆಲ್ಲವನ್ನೂ ಸರ್ಕಾರ ಒದಗಿಸಬೇಕು ಅಂತ ಅದರಲ್ಲಿ ಬರೆದಿದೆ. 19ನೇ ಸೆಕ್ಷನ್ ಸಮಾಜದಲ್ಲಿ ಬದುಕುವ ಹಕ್ಕಿನದು. ಮನೆಯವರು ಬೇಡ ಅಂದರು, ಮನೆಯೇ ಇಲ್ಲ, ಹೊರಗೆ ವ್ಯವಸ್ಥೆ ಇಲ್ಲ ಅನ್ನುವ ಕಾರಣಕ್ಕಷ್ಟೇ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಬಿಡುಗಡೆ ಮಾಡುವಾಗ ಮುಂದಿನ ಚಿಕಿತ್ಸೆ ಎಲ್ಲಿ, ಹೇಗೆ ಅನ್ನುವುದನ್ನು ಆ ವ್ಯಕ್ತಿಯ ಜೊತೆ, ಮನೆಯವರ ಜೊತೆ ಕೂತು ಗೊತ್ತು ಮಾಡಬೇಕು ಅಂತ 98ನೇ ಸೆಕ್ಷನ್ ಹೇಳುತ್ತದೆ.

ಹಾಗಾದರೆ ಕೊಂಡಿ ಕಳಚುವುದು ಎಲ್ಲಿ? ನನ್ನ ಪ್ರಕಾರ ತಾಲೂಕಿನಿಂದ ಮನೆಗೆ ಹೋಗುವ ಆ ಕೊನೆಯ ದಾರಿಯಲ್ಲಿ. ಜಿಲ್ಲೆಗೆ ಒಂದೇ ತಂಡ. ಹಾವೇರಿ ಜಿಲ್ಲೆಯ ಹಿರೇಕೆರೂರಿನಿಂದ ಶಿಗ್ಗಾವಿವರೆಗೆ ಇಷ್ಟೊಂದು ತಾಲೂಕು, ಒಂದೊಂದರಲ್ಲೂ ಹತ್ತಾರು ಹಳ್ಳಿ. ಈ ತಂಡದವರು ಕ್ಲಿನಿಕ್ ನಡೆಸಬೇಕು, ತರಬೇತಿ ಕೊಡಬೇಕು, ಶಾಲೆ ಕಾಲೇಜಿಗೆ ಹೋಗಿ ಜಾಗೃತಿ ಮೂಡಿಸಬೇಕು, ವರದಿ ಕಳಿಸಬೇಕು. ಮನೆಗೆ ಹೋಗುವುದು ಯಾವಾಗ? ಗುತ್ತಿಗೆಯ ಮೇಲೆ ಬಂದವರು ಇನ್ನೊಂದು ಕೆಲಸ ಸಿಕ್ಕರೆ ಹೋಗಿಬಿಡುತ್ತಾರೆ. ಆಗ ರೋಗಿಯ ಜೊತೆ ಬೆಳೆದ ಗುರುತು ಪರಿಚಯವೂ ಅವರೊಂದಿಗೇ ಹೋಗುತ್ತದೆ. ಈ ಕಾಯಿಲೆಯಲ್ಲಿ ಗುರುತು ಪರಿಚಯ ಅರ್ಧ ಚಿಕಿತ್ಸೆ.

ಆಶಾ ಕಾರ್ಯಕರ್ತೆಯರು ಮಾಡಲಿ ಅನ್ನುವುದು ಸುಲಭದ ಉತ್ತರ. ಯಾವ ಮನೆಯಲ್ಲಿ ಯಾರು ಮೂಲೆಯಲ್ಲಿ ಕೂತಿದ್ದಾರೆ, ಯಾರನ್ನು ಹಿತ್ತಲಲ್ಲಿ ಕಟ್ಟಿಹಾಕಿದ್ದಾರೆ ಅನ್ನುವುದು ಅವರಿಗೆ ಗೊತ್ತು, ನಿಜ. ಆದರೆ ಬಸುರಿ ಬಾಣಂತಿ, ಲಸಿಕೆ, ಟಿಬಿ, ಸಕ್ಕರೆ ಕಾಯಿಲೆ, ಮೊಬೈಲ್‌ನಲ್ಲಿ ಡೇಟಾ ತುಂಬುವುದು, ಎಲ್ಲವೂ ಅವರ ತಲೆ ಮೇಲೇ ಇದೆ. ತಿಂಗಳಿಗೆ ಇಷ್ಟು ಅಂತ ಖಾತ್ರಿಯಾದ ಗೌರವಧನ ಕೊಡಿ ಅಂತ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತ ಹೆಣ್ಣುಮಕ್ಕಳು ಇವರೇ. ಅವರ ಮೇಲೆ ಇನ್ನೊಂದು ಹೊರೆ ಹೊರಿಸುವ ಮೊದಲು ಆ ಹೊರೆಗೆ ಸರಿಯಾದ ಸಂಬಳ ಕೊಡಬೇಕು, ಸರಿಯಾದ ತರಬೇತಿ ಕೊಡಬೇಕು, ಕಷ್ಟ ಬಂದಾಗ ಫೋನ್ ಎತ್ತುವ ಒಬ್ಬರು ಹಿಂದೆ ಇರಬೇಕು. ಇನ್ನೂ ಒಳ್ಳೆಯದೆಂದರೆ ತಾಲೂಕಿಗೆ ಒಬ್ಬರೋ ಇಬ್ಬರೋ ಮನೋಸಾಮಾಜಿಕ ಕಾರ್ಯಕರ್ತರನ್ನು ಖಾಯಂ ಆಗಿ ನೇಮಿಸಿ, ಓಡಾಡಲು ಗಾಡಿ ಕೊಟ್ಟು, ಮನೆ ಭೇಟಿಯನ್ನೇ ಅವರ ಮುಖ್ಯ ಕೆಲಸ ಮಾಡುವುದು.

ಇದನ್ನು ಮಾಡದೆ ಬರೀ ಆಸ್ಪತ್ರೆಯ ಹಾಸಿಗೆ ಕಡಿಮೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕ ಸಾಕ್ಷಿ. 1963ರಲ್ಲಿ ಅಧ್ಯಕ್ಷ ಕೆನಡಿ ಸಮುದಾಯ ಮಾನಸಿಕ ಆರೋಗ್ಯ ಕಾಯ್ದೆಗೆ ಸಹಿ ಹಾಕಿದರು. ದೊಡ್ಡ ಆಸ್ಪತ್ರೆಗಳಿಂದ ಲಕ್ಷಾಂತರ ಜನರನ್ನು ಹೊರಗೆ ಕಳಿಸಿದರು. ಕಟ್ಟುತ್ತೇವೆ ಅಂದಷ್ಟು ಕೇಂದ್ರಗಳನ್ನು ಮಾತ್ರ ಕಟ್ಟಲೇ ಇಲ್ಲ. ತುಂಬಾ ಜನ ಬೀದಿಗೆ ಬಿದ್ದರು, ಜೈಲು ಸೇರಿದರು. ಇಟಲಿಯ ಟ್ರಿಯೆಸ್ಟ್ ಅನ್ನುವ ಊರಿನದು ಬೇರೆ ಕತೆ. ಅಲ್ಲಿ ಫ್ರಾಂಕೊ ಬಸಾಲಿಯಾ ಅನ್ನುವ ವೈದ್ಯರು 1971ರಲ್ಲಿ ಬಂದಾಗ ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ ಆಸ್ಪತ್ರೆ ಅದು. ನಿಧಾನವಾಗಿ ಬಾಗಿಲು ತೆರೆದರು, ಹೊರಗೆ ಮನೆ ಮತ್ತು ಕೆಲಸದ ವ್ಯವಸ್ಥೆ ಮಾಡಿದರು, ಓಣಿಗಳ ನಡುವೆ ಕೆಲವೇ ಹಾಸಿಗೆಗಳಿರುವ, ರಾತ್ರಿಯೂ ತೆರೆದಿರುವ ಕೇಂದ್ರಗಳನ್ನು ಬೆಳೆಸಿದರು. 1978ರಲ್ಲಿ ದೇಶದ ಕಾನೂನೇ ಬದಲಾಯಿತು, 1980ರಲ್ಲಿ ಆ ಆಸ್ಪತ್ರೆ ಮುಚ್ಚಿತು. ಎರಡೂ ಕಡೆ ಆಸೆ ಒಂದೇ ಆಗಿತ್ತು. ಒಂದು ಕಡೆ ಹಣ ಮತ್ತು ಸಿಬ್ಬಂದಿ ರೋಗಿಯ ಹಿಂದೆ ಊರಿಗೆ ಬಂದರು, ಇನ್ನೊಂದು ಕಡೆ ಬರಲಿಲ್ಲ.

ನಮ್ಮಲ್ಲಿ ರೋಗಿಗಳು ಬೀದಿಗೆ ಬೀಳುವುದು ಕಡಿಮೆ, ಯಾಕೆಂದರೆ ಮನೆ ಹಿಡಿದುಕೊಳ್ಳುತ್ತದೆ. ಇದನ್ನು ನಮ್ಮ ಸಂಸ್ಕೃತಿಯ ಹಿರಿಮೆ ಅಂತ ಹೊಗಳುತ್ತಾರೆ. ನಾನೂ ಒಪ್ಪುತ್ತೇನೆ, ಆದರೆ ಆ ಮನೆಯೊಳಗೆ ಹೋಗಿ ನೋಡಬೇಕು. ಅರವತ್ತು ದಾಟಿದ ತಾಯಿ, ಮೊಣಕಾಲು ನೋವು, ನಲವತ್ತರ ಮಗನಿಗೆ ಗುಳಿಗೆ ನುಂಗಿಸಿ ಸ್ನಾನ ಮಾಡಿಸುತ್ತಾಳೆ. ಅವಳನ್ನು ರಾತ್ರಿ ಕಾಡುವುದು ಒಂದೇ: "ನಾ ಹ್ವಾದಮ್ಯಾಲ ಇವನ್ನ ಯಾರ ನೋಡ್ತಾರ?" ಅಣ್ಣ ತಮ್ಮಂದಿರು ಬೇರೆಯಾಗಿ ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಇದ್ದಾರೆ. ಅಂಥವರಿಗೆ ಚೆನ್ನೈನ ಬ್ಯಾನಿಯನ್ ಸಂಸ್ಥೆ ಒಂದು ದಾರಿ ತೋರಿಸಿದೆ. ಹೋಮ್ ಅಗೇನ್ ಅಂತ ಅದರ ಹೆಸರು. ಆಸ್ಪತ್ರೆಯಲ್ಲೇ ವರ್ಷಗಟ್ಟಲೆ ಉಳಿದುಹೋದ ನಾಲ್ಕೈದು ಜನ ಸೇರಿ ಮಾಮೂಲಿ ಓಣಿಯಲ್ಲಿ ಬಾಡಿಗೆ ಮನೆ ಮಾಡಿ ಇರುತ್ತಾರೆ, ಜೊತೆಗೆ ಸಂಸ್ಥೆಯ ಒಬ್ಬರು ಇರುತ್ತಾರೆ. ಅಡುಗೆ, ಸಂತೆ, ಜಗಳ, ಹಬ್ಬ ಎಲ್ಲ ಅವರದ್ದೇ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಮುದಾಯ ಸೇವೆಗಳ ಬಗ್ಗೆ ಮಾರ್ಗದರ್ಶಿ ತಂದಾಗ ಅದರಲ್ಲಿ ಇದೂ ಇತ್ತು, ಟ್ರಿಯೆಸ್ಟ್ ಕೂಡ ಇತ್ತು. ಧಾರವಾಡದ ಒಂದು ಓಣಿಯಲ್ಲಿ, ಗದಗ-ಬೆಟಗೇರಿಯ ಒಂದು ಓಣಿಯಲ್ಲಿ ಇಂಥ ಮನೆ ಯಾಕಾಗಬಾರದು?

ಮದುವೆಯ ಮಾತು ಎತ್ತದೆ ಈ ಲೇಖನ ಮುಗಿಸಲು ಮನಸ್ಸಿಲ್ಲ. "ಲಗ್ನಾ ಮಾಡಿಬಿಡ್ರಿ, ಸರಿ ಹೋಗ್ತಾನ" ಅನ್ನುವ ಹಿರಿಯರು ಎಲ್ಲ ಊರಲ್ಲೂ ಇದ್ದಾರೆ. ಕಾಯಿಲೆ ಮುಚ್ಚಿಟ್ಟು ದೂರದ ಊರಿನ ಬಡ ಮನೆಯ ಹುಡುಗಿಯನ್ನು ತರುತ್ತಾರೆ. ಮದುವೆಯ ಗಡಿಬಿಡಿಯಲ್ಲಿ ನಿದ್ದೆ ಕೆಡುತ್ತದೆ, ಬೀಗರಿಗೆ ಗೊತ್ತಾಗಬಾರದು ಅಂತ ಗುಳಿಗೆ ನಿಲ್ಲಿಸುತ್ತಾರೆ, ಎರಡೂ ಸೇರಿ ಕಾಯಿಲೆ ಮರುಕಳಿಸುತ್ತದೆ. ಆಗ ಹೊಸದಾಗಿ ಕಾಲಿಟ್ಟ ಸೊಸೆಯೇ ಮನೆ ಕೆಡಿಸಿದಳು ಅಂತ ಮಾತು ಬರುತ್ತದೆ. ಕಾಯಿಲೆ ಹುಡುಗಿಗೆ ಬಂದರೆ ಇನ್ನೂ ಕಷ್ಟ, ತವರಿಗೆ ಬಿಟ್ಟು ಬಂದು ತಿರುಗಿ ನೋಡುವುದಿಲ್ಲ. ಮಾನಸಿಕ ಕಾಯಿಲೆ ಇರುವವರು ಮದುವೆಯಾಗಬಾರದು ಅಂತ ನಾನು ಹೇಳುವುದಿಲ್ಲ, ಚಿಕಿತ್ಸೆಯಲ್ಲಿದ್ದು ಚೆನ್ನಾಗಿ ಸಂಸಾರ ಮಾಡುವವರು ಬೇಕಾದಷ್ಟಿದ್ದಾರೆ. ಹೇಳಿ ಮಾಡಬೇಕು, ಗುಳಿಗೆ ಬಿಡಬಾರದು. ಮನೆಗೆ ಬರುವ ಕಾರ್ಯಕರ್ತೆ ಇದ್ದರೆ ಈ ಮಾತನ್ನು ಹೇಳಲು ಒಬ್ಬರು ಇರುತ್ತಾರೆ. ದೂರದ ಓಪಿಡಿಯಲ್ಲಿ, ಹಿಂದೆ ಸಾಲು ನಿಂತಿರುವಾಗ, ಇದನ್ನೆಲ್ಲ ಮಾತಾಡಲು ಹೊತ್ತೆಲ್ಲಿದೆ?

ದೇವರು, ದರ್ಗಾ, ಮಠಗಳ ವಿಷಯದಲ್ಲಿ ನಾನು ಬೈಯುವ ಕಡೆ ಇಲ್ಲ. ಮನೆಯವರು ಸೋತು ಹೋದಾಗ ಮೊದಲು ಕೈ ಹಿಡಿಯುವ ಜಾಗ ಅದು. ಆದರೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ನಡೆದದ್ದನ್ನು ಮರೆಯಬಾರದು. ದರ್ಗಾದ ಹತ್ತಿರದ ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿದ್ದ 28 ಜನ ಓಡಲಾಗದೆ ಸುಟ್ಟುಹೋದರು. ಅದಾದ ಮೇಲೆ ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಮೀರಾ ದಾತಾರ್ ದರ್ಗಾದಲ್ಲಿ ಬೇರೆ ಪ್ರಯತ್ನ ಮಾಡಿದರು. ದವಾ ಮತ್ತು ದುವಾ ಎರಡೂ ಒಂದೇ ಅಂಗಳದಲ್ಲಿ. ಹರಕೆಗೆ ಬಂದವರಿಗೆ ಮುಜಾವರರೇ "ಪ್ರಾರ್ಥನೆ ಮಾಡು, ಡಾಕ್ಟರಿಗೂ ತೋರಿಸು" ಅನ್ನುತ್ತಾರೆ. ನಮ್ಮ ಕಡೆ ಅಮಾವಾಸ್ಯೆಗೆ ಜನ ಸೇರುವ ಗುಡಿಗಳಿಗೆ, ಗುರುವಾರ ಜನ ಸೇರುವ ದರ್ಗಾಗಳಿಗೆ ಜಿಲ್ಲಾ ತಂಡ ಹೋಗಿ ಪೂಜಾರಿಗಳ ಜೊತೆ, ಮುಜಾವರರ ಜೊತೆ ಕೂತು ಮಾತಾಡಿದರೆ ತಿಂಗಳುಗಟ್ಟಲೆ ತಡ ತಪ್ಪುತ್ತದೆ.

ಚೇತರಿಸಿಕೊಂಡವರಿಗೆ ಕೆಲಸ ಬೇಕು. ಇದನ್ನು ಚಿಕಿತ್ಸೆಯ ಭಾಗ ಅಂತಲೇ ನೋಡಬೇಕು. ಸುಮ್ನೆ ಮನೆಯಲ್ಲಿ ಕೂತವನನ್ನು ಊರು "ಅವಾ ಹುಚ್ಚ" ಅನ್ನುತ್ತದೆ. ಎಮ್ಮೆ ಮೇಯಿಸುತ್ತಿದ್ದರೆ, ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಲ್ಲಿ ತೊಟ್ಟು ತೆಗೆಯುತ್ತಿದ್ದರೆ, ಚಹಾದ ಅಂಗಡಿಯಲ್ಲಿ ಕಪ್ಪು ತೊಳೆಯುತ್ತಿದ್ದರೂ ಸರಿ, ಹೆಸರು ಹಿಡಿದು ಕರೆಯುತ್ತದೆ. ಕಾಯಿಲೆ ದೀರ್ಘ ಕಾಲದ್ದಾಗಿ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಅಂಗವಿಕಲತೆ ಇದೆ ಅಂತ ವೈದ್ಯರು ಪ್ರಮಾಣೀಕರಿಸಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಅದಕ್ಕೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಬೇಕು. ಈ ಸೌಲಭ್ಯ ಕೈ ಕಾಲು ಇಲ್ಲದವರಿಗೆ ಮಾತ್ರ ಅಂತ ತಿಳಿದ ಮನೆಗಳು ಎಷ್ಟೋ ಇವೆ.

ಮನೆಯಲ್ಲಿ ಇಂಥವರು ಇದ್ದರೆ ಈಗಲೇ ಮಾಡಬಹುದಾದದ್ದು ಕೆಲವಿವೆ. ಹಳೆಯ ಚೀಟಿ, ಡಿಸ್ಚಾರ್ಜ್ ಕಾಗದ ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ನಿಮ್ಮ ತಾಲೂಕು ಆಸ್ಪತ್ರೆಗೆ ಮಂಗಳವಾರ ಹೋಗಿ, ಇದೇ ಗುಳಿಗೆ ಇಲ್ಲೇ ಕೊಡುತ್ತೀರಾ ಅಂತ ಕೇಳಿ. ಗುಳಿಗೆ ತೊಂದರೆ ಕೊಟ್ಟರೆ ನೀವೇ ನಿಲ್ಲಿಸಬೇಡಿ, ತೊಂದರೆ ಏನು ಅಂತ ಹೇಳಿ, ಬದಲಿಸಲು ದಾರಿ ಇರುತ್ತದೆ. ಲಿಥಿಯಂ, ಕ್ಲೋಜಪಿನ್‌ನಂಥ ಗುಳಿಗೆ ಇದ್ದರೆ ರಕ್ತ ಪರೀಕ್ಷೆ ತಪ್ಪಿಸಬೇಡಿ. ನಿದ್ದೆ ಕಡಿಮೆಯಾಗುವುದು, ಮಾತು ನಿಲ್ಲಿಸುವುದು, ಅನುಮಾನ ಜಾಸ್ತಿಯಾಗುವುದು, ನಿಮ್ಮ ಮನೆಯವರಿಗೆ ಮೊದಲು ಯಾವುದು ಶುರುವಾಗುತ್ತದೆ ಅಂತ ಬರೆದಿಟ್ಟುಕೊಳ್ಳಿ, ಅದು ಕಂಡ ವಾರವೇ ತೋರಿಸಿ. ಜೀವ ಬೇಡ ಅನ್ನುವ ಮಾತು ಬಂದರೆ ಅದನ್ನು ಹೆದರಿಸಲು ಅಂದದ್ದು ಅಂತ ತಳ್ಳಿಹಾಕಬೇಡಿ. ಒಬ್ಬರನ್ನೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲಿದ್ದರೆ ಆಚೆ ಸಾಗಿಸಿ, 14416ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆತ್ಮಹತ್ಯೆಗೆ ಯತ್ನಿಸಿದರೆ ಪೊಲೀಸ್ ಕೇಸ್ ಆಗುತ್ತದೆ ಅಂತ ಮುಚ್ಚಿಡುವ ಕಾಲ ಹೋಯಿತು. 2017ರ ಕಾಯ್ದೆ ಅವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ಭಾವಿಸಿ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಅನ್ನುತ್ತದೆ.

ಗ್ರಾಮಸಭೆಯಲ್ಲಿ ನಾವು ರಸ್ತೆ ಕೇಳುತ್ತೇವೆ, ಗಟಾರ ಕೇಳುತ್ತೇವೆ, ಬೋರ್‌ವೆಲ್ ಕೇಳುತ್ತೇವೆ. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರಾ, ಈ ಮೂರು ತಿಂಗಳಲ್ಲಿ ಯಾವ ಗುಳಿಗೆ ಎಷ್ಟು ದಿನ ಇರಲಿಲ್ಲ, ಧಾರವಾಡದಿಂದ ಡಿಸ್ಚಾರ್ಜ್ ಆಗಿ ನಮ್ಮ ತಾಲೂಕಿಗೆ ಬಂದವರಲ್ಲಿ ಎಷ್ಟು ಜನರ ಮನೆಗೆ ಮೊದಲ ತಿಂಗಳಲ್ಲಿ ಯಾರಾದರೂ ಹೋಗಿದ್ದಾರೆ, ಇವನ್ನೂ ಕೇಳಬಹುದು. ರೋಗಿಗಳ ಹೆಸರು ಕೇಳಬೇಕಿಲ್ಲ, ಸಂಖ್ಯೆ ಸಾಕು. ತಾಲೂಕು ಆರೋಗ್ಯಾಧಿಕಾರಿಗೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿ ಹಾಕಿದರೂ ಉತ್ತರ ಕೊಡಲೇಬೇಕು. ಉತ್ತರ ಸೊನ್ನೆ ಅಂತ ಬಂದರೆ ಅದನ್ನೇ ಹಿಡಿದುಕೊಂಡು ಶಾಸಕರ ಹತ್ತಿರ ಹೋಗಿ, ತಾಲೂಕಿಗೆ ಒಬ್ಬ ಖಾಯಂ ಮನೋಸಾಮಾಜಿಕ ಕಾರ್ಯಕರ್ತರ ಹುದ್ದೆ ಕೇಳಬೇಕು.